ಬಲಿಪೀಠ ಮೊದಲು, ಗುಡಿ ಆಮೇಲೆ

ಪ್ರಾಚೀನ ಗ್ರೀಕರ ಧರ್ಮ ಎಂದರೆ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಕಂಬಗಳು. ಗುಡ್ಡದ ನೆತ್ತಿಯ ಮೇಲೆ ಬಿಸಿಲಿಗೆ ಹೊಳೆಯುವ ಅಮೃತಶಿಲೆಯ ಕಂಬಸಾಲು, ಅದರ ಮೇಲೊಂದು ತ್ರಿಕೋನ. ಶಾಲೆಯ ಚರಿತ್ರೆ ಪುಸ್ತಕದಲ್ಲೂ ಅದೇ, ಪ್ರವಾಸದ ಜಾಹೀರಾತಿನಲ್ಲೂ ಅದೇ. ಆ ಚಿತ್ರವನ್ನು ನೋಡಿ ನೋಡಿ ನಾವೊಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದೇವೆ: ಗ್ರೀಕರು ಗುಡಿ ಕಟ್ಟಿದರು, ಒಳಗೆ ದೇವರನ್ನು ಕೂರಿಸಿದರು, ಭಕ್ತರು ಒಳಗೆ ಹೋಗಿ ಪೂಜೆ ಸಲ್ಲಿಸಿ ಬಂದರು. ದೇವಸ್ಥಾನಗಳ ನಾಡಿನಲ್ಲಿ ಬೆಳೆದ ನಮಗೆ ಹಾಗನ್ನಿಸುವುದು ಸಹಜ. ಆದರೆ ಅವರ ಆರಾಧನೆಯನ್ನು ತುಸು ಹತ್ತಿರದಿಂದ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಗ್ರೀಕರ ಪೂಜೆಗೆ ಬಲಿಪೀಠ ಬೇಕೇ ಬೇಕಿತ್ತು. ಗಡಿ ಹಾಕಿ ದೇವರಿಗೆಂದು ಬಿಟ್ಟ ನೆಲ ಬೇಕೇ ಬೇಕಿತ್ತು. ಗುಡಿ ಇದ್ದರೂ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು.

ಹಾಗಾದರೆ ಅಷ್ಟು ಹಣ, ಅಷ್ಟು ಕಲ್ಲು, ಅಷ್ಟು ಕೈಕೆಲಸ ಸುರಿದು ಗುಡಿ ಕಟ್ಟಿದ್ದೇಕೆ? ಈ ಲೇಖನದ ಪ್ರಶ್ನೆ ಅದೇ. ಉತ್ತರಕ್ಕೆ ಮುಂಚೆ ಬೂದಿಯ ವಿಷಯ ಹೇಳಬೇಕು.

ಒಲಿಂಪಿಯಾದ ಕ್ರೀಡಾಕೂಟ ಕ್ರಿ.ಪೂ. 776ರಲ್ಲಿ ಶುರುವಾಯಿತೆಂದು ಗ್ರೀಕರೇ ಲೆಕ್ಕ ಇಟ್ಟಿದ್ದರು. ಅಲ್ಲಿ ಜ್ಯೂಸ್‌ಗೆ ದೊಡ್ಡ ಗುಡಿ ಎದ್ದು ನಿಂತದ್ದು ಕ್ರಿ.ಪೂ. 456ರ ಹೊತ್ತಿಗೆ. ನಡುವೆ ಮುನ್ನೂರು ವರ್ಷಕ್ಕೂ ಮಿಕ್ಕಿದ ಅಂತರ. ಅಲ್ಲಿನ ಹೇರಾ ದೇವಿಯ ಗುಡಿ ಅದಕ್ಕಿಂತ ಹಳೆಯದು, ನಿಜ. ಆದರೆ ಇಡೀ ಗ್ರೀಕ್ ಲೋಕ ನಾಲ್ಕು ವರ್ಷಕ್ಕೊಮ್ಮೆ ಬಂದು ಸೇರುತ್ತಿದ್ದ ಜ್ಯೂಸ್‌ನ ಉತ್ಸವದ ನಡುಗಂಬ ಬಯಲಿನಲ್ಲಿದ್ದ ಒಂದು ಬೂದಿಗುಡ್ಡೆ. ಬಲಿಪಶುಗಳ ತೊಡೆಮೂಳೆ ಸುಟ್ಟ ಬೂದಿಯೇ ಕಾಲಕಾಲಕ್ಕೆ ಪೇರಿ ಪೀಠವಾಗಿತ್ತು. ಕ್ರಿ.ಶ. 2ನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ಪಾಸೇನಿಯಸ್ ಅದರ ಅಳತೆಯನ್ನೇ ಬರೆದಿಟ್ಟಿದ್ದಾನೆ: ಕೆಳಗಿನ ಜಗುಲಿಯ ಸುತ್ತಳತೆ 125 ಅಡಿ, ಒಟ್ಟು ಎತ್ತರ 22 ಅಡಿ. ಪಶುವನ್ನು ಕಡಿಯುವುದು ಕೆಳಗಿನ ಜಗುಲಿಯಲ್ಲಿ. ತೊಡೆಭಾಗವನ್ನು ತುದಿಗೆ ಒಯ್ದು ಸುಡಬೇಕು. ತುದಿಗೆ ಹತ್ತಲು ಇದ್ದ ಮೆಟ್ಟಿಲೂ ಬೂದಿಯದೇ, ಅದನ್ನು ಹತ್ತುವ ಹಕ್ಕು ಗಂಡಸರಿಗೆ ಮಾತ್ರ. ವರ್ಷಕ್ಕೊಮ್ಮೆ ಎಲಾಫಿಯೋಸ್ ತಿಂಗಳ 19ರಂದು ಶಕುನಗಾರರು ಊರಿನ ಪವಿತ್ರ ಒಲೆಯಿಂದ ಬೂದಿ ತಂದು, ಆಲ್ಫಿಯೋಸ್ ನದಿಯ ನೀರಿನಲ್ಲಿ ಕಲಸಿ ಪೀಠಕ್ಕೆ ಮೆತ್ತುತ್ತಿದ್ದರು. ಬೇರೆ ನೀರಿನಲ್ಲಿ ಕಲಸಿದರೆ ಬೂದಿ ಗಟ್ಟಿಯಾಗುವುದಿಲ್ಲ ಎಂಬ ನಂಬಿಕೆ. ಅಷ್ಟು ಮಾಂಸ ಬಯಲಲ್ಲಿ ಬಿದ್ದಿದ್ದರೂ ಅಲ್ಲಿಯ ಹದ್ದುಗಳು ಎರಗುವುದಿಲ್ಲವೆಂದೂ ಪಾಸೇನಿಯಸ್ ಹೇಳುತ್ತಾನೆ. ಹದ್ದುಗಳ ಮಾತನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಒಂದು ಮಾತಂತೂ ಸ್ಪಷ್ಟ: ಜನ ಕಣ್ಣಿಟ್ಟು ಕಾಯುತ್ತಿದ್ದದ್ದು, ಕೈಯಿಟ್ಟು ಬೆಳೆಸಿದ್ದು ಈ ಬೂದಿಯನ್ನು.

ದೊದೊನಾದ ಕತೆಯೂ ಇಂಥದ್ದೇ. ಗ್ರೀಸಿನ ವಾಯವ್ಯ ಮೂಲೆಯ ಆ ಕ್ಷೇತ್ರದಲ್ಲಿ ಜ್ಯೂಸ್ ಒಂದು ಓಕ್ ಮರದಲ್ಲಿ ನೆಲೆಸಿದ್ದ. ಇಲಿಯಡ್ ಕಾವ್ಯ ಹೇಳುವಂತೆ ಅಲ್ಲಿನ ಅರ್ಚಕರು ಕಾಲು ತೊಳೆಯದೆ ಬರಿನೆಲದ ಮೇಲೆ ಮಲಗುವವರು. ಸಾಮಾನ್ಯ ಜನ ಸೀಸದ ಪುಟ್ಟ ತಗಡಿನ ಮೇಲೆ ಪ್ರಶ್ನೆ ಗೀಚಿ ದೇವರನ್ನು ಕೇಳುತ್ತಿದ್ದರು. ಮದುವೆಯಾಗಲೇ, ಹಡಗು ವ್ಯಾಪಾರಕ್ಕೆ ಇಳಿಯಲೇ ಎಂಬಂಥ ಪ್ರಶ್ನೆಗಳು. ಆಗಿಸ್ ಎಂಬವನು ಕಳೆದುಹೋದ ತನ್ನ ಹೊದಿಕೆ ದಿಂಬುಗಳನ್ನು ಹೊರಗಿನವರು ಯಾರಾದರೂ ಕದ್ದರೇ ಎಂದು ಕೇಳಿದ ತಗಡು ಸಿಕ್ಕಿದೆ. ಇಷ್ಟೊಂದು ಹೆಸರು ಮಾಡಿದ ಕ್ಷೇತ್ರದಲ್ಲಿ ಕ್ರಿ.ಪೂ. 4ನೆಯ ಶತಮಾನದ ಹೊತ್ತಿನವರೆಗೆ ಹೇಳಿಕೊಳ್ಳುವಂಥ ಗುಡಿ ಇರಲಿಲ್ಲ. ಆಮೇಲೆ ಕಟ್ಟಿದ್ದೂ ಚಿಕ್ಕದೇ.

ಇನ್ನು ಬಲಿಪೀಠದ ಬಳಿ ನಡೆಯುತ್ತಿದ್ದದ್ದೇನು? ಗುಡಿಯ ಬಾಗಿಲು ಸಾಮಾನ್ಯವಾಗಿ ಪೂರ್ವಕ್ಕೆ. ಪೀಠ ಅದರ ಎದುರಿಗೆ, ಬಯಲಿನಲ್ಲಿ. ಮೆರವಣಿಗೆ ಬರುತ್ತದೆ. ಮುಂದೆ ಒಬ್ಬ ಹುಡುಗಿ ಬುಟ್ಟಿ ಹೊತ್ತಿರುತ್ತಾಳೆ, ಬುಟ್ಟಿಯಲ್ಲಿ ಬಾರ್ಲಿ ಕಾಳು, ಕಾಳಿನಡಿ ಕತ್ತಿ. ಎಲ್ಲರೂ ಕೈ ತೊಳೆದು, ಪ್ರಾರ್ಥನೆ ಮುಗಿದ ಮೇಲೆ ಕಾಳು ಎರಚುತ್ತಾರೆ. ಪಶುವಿನ ನೆತ್ತಿಯ ನಾಲ್ಕು ಕೂದಲು ಕತ್ತರಿಸಿ ಬೆಂಕಿಗೆ. ಕತ್ತಿ ಬೀಳುವ ಕ್ಷಣಕ್ಕೆ ಹೆಂಗಸರು ಒಟ್ಟಾಗಿ ಕೂಗು ಹಾಕುತ್ತಾರೆ. ರಕ್ತ ಪೀಠದ ಮೇಲೆ. ತೊಡೆಮೂಳೆಯನ್ನು ಕೊಬ್ಬಿನಲ್ಲಿ ಸುತ್ತಿ ಸುಟ್ಟದ್ದು ದೇವರ ಪಾಲು, ಅಂದರೆ ಹೊಗೆ. ಹೃದಯ, ಪಿತ್ತಜನಕಾಂಗ ಮುಂತಾದವನ್ನು ಕೋಲಿಗೆ ಚುಚ್ಚಿ ಸುಟ್ಟು ಹತ್ತಿರ ನಿಂತವರು ಅಲ್ಲೇ ತಿನ್ನುತ್ತಾರೆ. ಉಳಿದ ಮಾಂಸ ಬೇಯಿಸಿ ಎಲ್ಲರಿಗೂ ಹಂಚುವುದು. ಒಳ್ಳೆಯದೆಲ್ಲ ಮನುಷ್ಯರಿಗೆ, ಮೂಳೆ ಕೊಬ್ಬು ದೇವರಿಗೆ ಎಂಬ ಈ ಹಂಚಿಕೆ ಗ್ರೀಕರಿಗೇ ಸ್ವಲ್ಪ ಮುಜುಗರ ತಂದಿರಬೇಕು. ಪ್ರೊಮಿಥಿಯಸ್ ಜ್ಯೂಸ್‌ಗೆ ಮೋಸ ಮಾಡಿದ ದಿನದಿಂದ ಹೀಗಾಯಿತೆಂದು ಹೆಸಿಯಡ್ ಕವಿ ಕಾರಣ ಕೊಡುತ್ತಾನೆ.

ಹಂಚಿಕೆಯಲ್ಲಿ ದೇವರಿಗಿಂತ ಊರಿನ ಲೆಕ್ಕಾಚಾರ ಎದ್ದು ಕಾಣುತ್ತದೆ. ಕ್ರಿ.ಪೂ. 4ನೆಯ ಶತಮಾನದ ಅಥೆನ್ಸಿನ ಒಂದು ಶಾಸನದಲ್ಲಿ ಅಥೀನಾಳ ವಾರ್ಷಿಕ ಉತ್ಸವದ ಮಾಂಸ ಹಂಚುವ ಕ್ರಮವಿದೆ. ಯಾವ ಹಳ್ಳಿ ಮೆರವಣಿಗೆಗೆ ಎಷ್ಟು ಜನರನ್ನು ಕಳಿಸಿತೋ ಆ ಪ್ರಕಾರ ಆ ಹಳ್ಳಿಗೆ ಪಾಲು. ಮೆರವಣಿಗೆಗೆ ಬಾರದ ಹಳ್ಳಿಗೆ ಬಾಡೂಟವೂ ಕಮ್ಮಿ. ಈ ಊಟದಲ್ಲಿ ಕೂತವನೇ ಊರಿನವನು. ಇದಿಷ್ಟೂ ನಡೆದದ್ದು ಗುಡಿಯ ಹೊರಗೆ. ಗುಡಿಯೊಳಗಿನ ದೇವಿ ತೆರೆದ ಬಾಗಿಲಿನಿಂದ ಇದನ್ನು ನೋಡುತ್ತಿದ್ದಳು ಎಂದುಕೊಂಡರೆ ಗ್ರೀಕ್ ಗುಡಿಯ ವಿನ್ಯಾಸ ಅರ್ಥವಾಗುತ್ತದೆ. ನಮ್ಮಲ್ಲಿ ಭಕ್ತ ದೇವರನ್ನು ನೋಡಲು ಒಳಗೆ ಹೋಗುತ್ತಾನೆ; ಅಲ್ಲಿ ದೇವರು ಭಕ್ತರನ್ನು ನೋಡಲು ಹೊರಗೆ ಮುಖ ಮಾಡಿ ಕೂರುತ್ತಿದ್ದ. ಕಂಬಗಳ ಅಲಂಕಾರವೆಲ್ಲ ಹೊರಮೈಗೇ ಇರುವುದು ಆಕಸ್ಮಿಕವಲ್ಲ.

ಪೀಠದಷ್ಟೇ ಮುಖ್ಯವಾದದ್ದು ಗಡಿ. ದೇವರಿಗೆಂದು ಬೇರ್ಪಡಿಸಿದ ಜಾಗವನ್ನು ಗ್ರೀಕರು ಟೆಮೆನೋಸ್ ಎನ್ನುತ್ತಿದ್ದರು. ಅದಕ್ಕೆ ಗೋಡೆಯೇ ಬೇಕೆಂದಿಲ್ಲ. ನಾಲ್ಕು ಗಡಿಕಲ್ಲು ನೆಟ್ಟರೂ ಸಾಕು. ಬಾಗಿಲಲ್ಲಿ ಕಾಲು ಇರುವ ಕಲ್ಲಿನ ನೀರುಬಟ್ಟಲು. ಅದರಿಂದ ನೀರು ಚಿಮುಕಿಸಿಕೊಂಡು ಒಳಗೆ ಬರಬೇಕು. ಅಥೆನ್ಸಿನ ಸಂತೆಬಯಲಿಗೂ ಇಂಥ ಬಟ್ಟಲುಗಳಿದ್ದವು. ಯುದ್ಧಕ್ಕೆ ಬಾರದೆ ತಪ್ಪಿಸಿಕೊಂಡವನು ಆ ಬಟ್ಟಲು ದಾಟಿ ಒಳಗೆ ಬರುವಂತಿಲ್ಲ ಎಂದು ಕಾನೂನೇ ಇತ್ತು. ಪಾವಿತ್ರ್ಯ ಎನ್ನುವುದು ಮನಸ್ಸಿನ ಭಾವನೆಯಾಗಿರುವುದಕ್ಕಿಂತ ನೆಲದ ಮೇಲೆ ಎಳೆದ ಗೆರೆಯಾಗಿತ್ತು, ಆ ಗೆರೆಗೆ ಕಾನೂನಿನ ಬಲವಿತ್ತು.

ಗೆರೆಯ ಒಳಗೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಎರಡೂ ಮೈಲಿಗೆ. ಎಪಿಡಾರಸ್‌ನಲ್ಲಿ ವೈದ್ಯದೇವತೆ ಅಸ್ಕ್ಲೀಪಿಯಸ್‌ನ ಕ್ಷೇತ್ರವಿತ್ತು. ರೋಗಿಗಳು ಬಂದು ರಾತ್ರಿ ಮಲಗಿ ಕನಸಿನಲ್ಲಿ ದೇವರಿಂದ ಗುಣ ಪಡೆಯುವ ಜಾಗ. ಸಾಯುವ ಸ್ಥಿತಿಯಲ್ಲಿದ್ದವರು ಸಹಜವಾಗಿಯೇ ಬರುತ್ತಿದ್ದರು, ಆದರೆ ಅಲ್ಲಿ ಸಾಯುವಂತಿಲ್ಲ. ಕೊನೆಯುಸಿರು ಎಳೆಯುತ್ತಿದ್ದವರನ್ನೂ ಹೆರಿಗೆ ನೋವು ಬಂದ ಹೆಂಗಸರನ್ನೂ ಗಡಿಯಾಚೆ ಬಯಲಿಗೆ ಒಯ್ಯುತ್ತಿದ್ದರು. ಕ್ರಿ.ಶ. 2ನೆಯ ಶತಮಾನದಲ್ಲಿ ಆಂಟೊನೈನಸ್ ಎಂಬ ರೋಮಿನ ಸೆನೆಟರ್ ಇದನ್ನು ನೋಡಲಾರದೆ ಗಡಿಯ ಹೊರಗೆ ಒಂದು ಮನೆ ಕಟ್ಟಿಸಿದ. ಅದು ಹೆರಲು ಮತ್ತು ಸಾಯಲು ಮಾಡಿದ ಮನೆ. ಶತಮಾನಗಟ್ಟಲೆ ಹೆಸರು ಮಾಡಿದ ಆರೋಗ್ಯಕ್ಷೇತ್ರಕ್ಕೆ ಈ ಒಂದು ಸೂರು ಬೇಕೆಂದು ತೋರಿದ್ದು ಅಷ್ಟು ತಡವಾಗಿ, ಅದೂ ಹೊರಗಿನವನೊಬ್ಬನಿಗೆ.

ಡೆಲೋಸ್ ದ್ವೀಪದಲ್ಲಿ ಇದೇ ನಿಯಮ ರಾಜಕೀಯದ ಆಯುಧವಾಯಿತು. ಅಪೊಲೊ ಹುಟ್ಟಿದ ಜಾಗವೆಂದು ಆ ದ್ವೀಪ ಪವಿತ್ರ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಹೋಗಿ ಅಲ್ಲಿನ ಸಮಾಧಿಗಳನ್ನೆಲ್ಲ ಅಗೆದು ಹೊರಹಾಕಿದರು. ಇನ್ನು ಮೇಲೆ ಅಲ್ಲಿ ಯಾರೂ ಸಾಯಬಾರದು, ಹೆರಬಾರದು, ಅಂಥವರನ್ನು ಪಕ್ಕದ ರೆನಿಯಾ ದ್ವೀಪಕ್ಕೆ ದಾಟಿಸಬೇಕು ಎಂದು ವಿಧಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕ್ರಿ.ಪೂ. 422ರಲ್ಲಿ ದ್ವೀಪದ ಮೂಲನಿವಾಸಿಗಳೇ ಮೈಲಿಗೆಯವರೆಂದು ಎಲ್ಲರನ್ನೂ ಓಡಿಸಿದರು. ಮರುವರ್ಷ ಡೆಲ್ಫಿಯ ದೇವವಾಣಿಯ ಮಾತಿಗೆ ಕಟ್ಟುಬಿದ್ದು ವಾಪಸು ಕರೆಸಿಕೊಂಡರು ಎಂಬುದು ಬೇರೆ ಮಾತು. ಮಡಿಯ ಹೆಸರಲ್ಲಿ ಒಂದು ಊರನ್ನೇ ಖಾಲಿ ಮಾಡಿಸಬಹುದು ಎನ್ನುವುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟ ದಾಖಲೆ ಹುಡುಕುವುದು ಕಷ್ಟ.

ಗೆರೆಗೆ ಇನ್ನೊಂದು ಮುಖವೂ ಉಂಟು: ಒಳಗೆ ಬಂದು ಶರಣಾದವನನ್ನು ಮುಟ್ಟುವಂತಿಲ್ಲ. ಕ್ರಿ.ಪೂ. 7ನೆಯ ಶತಮಾನದಲ್ಲಿ ಕಿಲೋನ್ ಎಂಬವನು ಅಥೆನ್ಸಿನಲ್ಲಿ ಅಧಿಕಾರ ಕಸಿಯಲು ಹೋಗಿ ಸೋತ. ಅವನ ಕಡೆಯವರು ಅಕ್ರೊಪೊಲಿಸ್ ಗುಡ್ಡದ ಮೇಲೆ ಅಥೀನಾಳಿಗೆ ಶರಣಾದರು. ವಿಚಾರಣೆಗೆ ಕೆಳಗಿಳಿಯಬೇಕಾದಾಗ ದೇವಿಯ ಮೂರ್ತಿಗೆ ಒಂದು ನೂಲು ಕಟ್ಟಿ, ಅದರ ಇನ್ನೊಂದು ತುದಿ ಹಿಡಿದುಕೊಂಡೇ ಇಳಿದರೆಂದು ಲೇಖಕ ಪ್ಲುಟಾರ್ಕ್ ಹೇಳುತ್ತಾನೆ. ನೂಲು ಇರುವಷ್ಟು ದೂರ ದೇವಿಯ ನೆಲ. ಅರ್ಧದಾರಿಯಲ್ಲಿ ನೂಲು ತುಂಡಾಯಿತು, ದೇವಿಯೇ ಕೈಬಿಟ್ಟಳೆಂದು ಅಧಿಕಾರಿಗಳು ಅವರನ್ನು ಕೊಂದರು. ಕೊಂದವರ ಮನೆತನಕ್ಕೆ ಶಾಪ ತಗುಲಿತೆಂದು ಇಡೀ ಊರು ನಂಬಿತು. ಇನ್ನೂರು ವರ್ಷದ ನಂತರವೂ ಸ್ಪಾರ್ಟಾದವರು ಅಥೆನ್ಸಿನ ನಾಯಕ ಪೆರಿಕ್ಲೀಸ್‌ನನ್ನು ಹಣಿಯಲು ಅದೇ ಶಾಪವನ್ನು ಎತ್ತಿದರು, ಅವನ ತಾಯಿ ಆ ಮನೆತನದವಳು. ಸ್ಪಾರ್ಟಾದವರ ಕೈಯೂ ಚೊಕ್ಕಟವಾಗಿರಲಿಲ್ಲ. ದ್ರೋಹದ ಆರೋಪ ಹೊತ್ತ ತಮ್ಮ ಸೇನಾಪತಿ (ಅವನ ಹೆಸರೂ ಪಾಸೇನಿಯಸ್ಸೇ) ಅಥೀನಾಳ ಕ್ಷೇತ್ರದ ಒಂದು ಕೋಣೆಯಲ್ಲಿ ಅಡಗಿದಾಗ ಅವರು ಛಾವಣಿ ಕಿತ್ತು, ಬಾಗಿಲಿಗೆ ಗೋಡೆ ಎಬ್ಬಿಸಿ, ಹಸಿವಿನಿಂದ ಪ್ರಾಣ ಹೋಗುವ ಕ್ಷಣಕ್ಕೆ ಸರಿಯಾಗಿ ಹೊರಗೆ ಎಳೆತಂದರು. ಸತ್ತದ್ದು ಗೆರೆಯ ಹೊರಗೆ. ನಿಯಮ ಮುರಿಯಲಿಲ್ಲ, ಮನುಷ್ಯ ಉಳಿಯಲೂ ಇಲ್ಲ.

ಕಟ್ಟಡವೇ ಇಲ್ಲದ, ಬೀಳುಬಿಟ್ಟ ನೆಲಕ್ಕೂ ಎಂಥ ತೂಕವಿತ್ತು ನೋಡಿ. ಅಥೆನ್ಸ್ ಮತ್ತು ಮೆಗಾರಾ ಊರುಗಳ ನಡುವೆ ಎಲ್ಯೂಸಿಸ್‌ನ ಡಿಮೀಟರ್ ದೇವಿಗೆ ಮತ್ತು ಅವಳ ಮಗಳಿಗೆ ಸೇರಿದ ಒಂದು ಜಾಗವಿತ್ತು. ಅದನ್ನು ಉಳುವಂತಿಲ್ಲ. ಮೆಗಾರಾದವರು ಅದನ್ನು ಉತ್ತರೆಂಬುದು ಸ್ಪಾರ್ಟಾದ ಜತೆಗಿನ ಪೆಲೊಪೊನೀಸಿಯನ್ ಯುದ್ಧದ ಮೊದಲು ಅಥೆನ್ಸ್ ಹೊರಿಸಿದ ಆರೋಪಗಳಲ್ಲೊಂದು. ಕ್ರಿ.ಪೂ. 352ರಲ್ಲಿ ಅದೇ ನೆಲದ ವಿಚಾರ ಅಥೆನ್ಸಿನ ಸಭೆಗೆ ಮತ್ತೆ ಬಂತು: ಒತ್ತುವರಿಯಾಗಿ ಬೇಸಾಯ ನಡೆದಿದ್ದ ಭಾಗವನ್ನು ಗೇಣಿಗೆ ಕೊಟ್ಟು ಆ ಹಣದಲ್ಲಿ ಕ್ಷೇತ್ರದ ಕಟ್ಟಡ ರಿಪೇರಿ ಮಾಡಿಸೋಣವೇ, ಇಲ್ಲ ಬೀಳು ಬಿಡೋಣವೇ? ಸಭೆ ಕಂಡುಕೊಂಡ ದಾರಿ ಶಾಸನದಲ್ಲಿ ವಿವರವಾಗಿ ಉಳಿದಿದೆ. ಒಂದೇ ಅಳತೆಯ ಎರಡು ತವರದ ತುಂಡುಗಳು. ಒಂದರ ಮೇಲೆ ಗೇಣಿಗೆ ಕೊಡುವುದೇ ಮೇಲು ಎಂದು, ಇನ್ನೊಂದರ ಮೇಲೆ ದೇವಿಯರಿಗೆ ಬೀಳು ಬಿಡುವುದೇ ಮೇಲು ಎಂದು ಬರೆಯುವುದು. ಎರಡನ್ನೂ ಸುತ್ತಿ, ಉಣ್ಣೆಯಲ್ಲಿ ಮುಚ್ಚಿ, ಕಂಚಿನ ಕೊಡಕ್ಕೆ ಹಾಕಿ, ಎಲ್ಲರೆದುರು ಕುಲುಕಿ, ಒಂದನ್ನು ಚಿನ್ನದ ಕೊಡಕ್ಕೂ ಇನ್ನೊಂದನ್ನು ಬೆಳ್ಳಿಯ ಕೊಡಕ್ಕೂ ಇಳಿಸುವುದು. ಕೊಡಗಳಿಗೆ ಅಧಿಕಾರಿ ಮುದ್ರೆ ಒತ್ತಬೇಕು. ಅನುಮಾನವಿದ್ದ ಯಾವ ಪ್ರಜೆ ಬೇಕಾದರೂ ತನ್ನ ಮುದ್ರೆಯನ್ನೂ ಒತ್ತಬಹುದು. ಮೂವರು ಡೆಲ್ಫಿಗೆ ಹೋಗಿ ಅಪೊಲೊನನ್ನು ಕೇಳಬೇಕಾದದ್ದು ಇಷ್ಟೇ: ಚಿನ್ನದ ಕೊಡದ ಮಾತಿನಂತೆ ನಡೆಯೋಣವೇ, ಬೆಳ್ಳಿಯದರಂತೆಯೇ? ಯಾವುದರಲ್ಲಿ ಏನಿದೆಯೆಂದು ಕೇಳುವವರಿಗೂ ಗೊತ್ತಿಲ್ಲ, ಉತ್ತರ ಹೇಳುವ ಅರ್ಚಕಿಗೂ ಗೊತ್ತಿಲ್ಲ. ದೇವರನ್ನು ನಂಬಿದರು, ಮಧ್ಯವರ್ತಿಗಳನ್ನು ನಂಬಲಿಲ್ಲ. ಬೀಳು ಬಿಡಿ ಎಂಬ ಉತ್ತರವೇ ಬಂತು. ನೆಲಕ್ಕೆ ಹೊಸದಾಗಿ ಗಡಿಕಲ್ಲು ನೆಟ್ಟರು. ಗೇಣಿಯ ಹಣ ಕೈತಪ್ಪಿದರೂ ನೆಲ ದೇವಿಯರದಾಗಿಯೇ ಉಳಿಯಿತು.

ಇಂಥದ್ದೇ ಮತ್ತೊಂದು ಬೀಳುಭೂಮಿ ಗ್ರೀಕ್ ಚರಿತ್ರೆಯ ದಿಕ್ಕು ಬದಲಿಸಿತು. ಡೆಲ್ಫಿಯ ಕೆಳಗಿನ ಕಿರ್ರಾ ಬಯಲು ಅಪೊಲೊನದು, ಅಲ್ಲಿ ಬೇಸಾಯ ನಿಷಿದ್ಧ. ಕ್ರಿ.ಪೂ. 339ರಲ್ಲಿ ಕ್ಷೇತ್ರದ ಆಡಳಿತ ಮಂಡಳಿಯ ಸಭೆಯಲ್ಲಿ ಅಥೆನ್ಸಿನ ವಾಗ್ಮಿ ಈಸ್ಕಿನೀಸ್ ಎದ್ದು ನಿಂತು ಕೆಳಗೆ ಕೈ ತೋರಿಸಿದ: ನೋಡಿ, ಆಂಫಿಸ್ಸಾದವರು ಉತ್ತಿದ್ದಾರೆ, ಮಡಕೆ ಸುಡುವ ಭಟ್ಟಿ ಹಾಕಿದ್ದಾರೆ. ಬಯಲು ಕಣ್ಣೆದುರೇ ಇತ್ತು, ಬೇರೆ ಸಾಕ್ಷಿ ಬೇಕಿರಲಿಲ್ಲ. ಜಗಳ ಯುದ್ಧವಾಯಿತು, ದೇವರ ಕಡೆಯಿಂದ ಕಾದಲು ಮಂಡಳಿ ಮ್ಯಾಸಿಡೋನಿಯದ ದೊರೆ ಫಿಲಿಪ್‌ನನ್ನು ಕರೆಯಿತು. ಬಂದವನು ಮರುವರ್ಷ ಕೈರೊನಿಯಾದಲ್ಲಿ ಅಥೆನ್ಸ್ ಮತ್ತು ಥೀಬ್ಸ್ ಸೈನ್ಯಗಳನ್ನು ಸೋಲಿಸಿದ. ಗ್ರೀಕ್ ನಗರಗಳ ಸ್ವಾತಂತ್ರ್ಯ ಮುಗಿಯುವುದಕ್ಕೆ ನೂರು ಕಾರಣಗಳಿರಬಹುದು, ಫಿಲಿಪ್ ದಕ್ಷಿಣಕ್ಕೆ ಬರಲು ನೆಪವಾದದ್ದು ಉಳಬಾರದ ಹೊಲವನ್ನು ಉತ್ತದ್ದು.

ಈಗ ಗುಡಿಗೆ ಬರೋಣ. ನೆಲ ಪವಿತ್ರ, ಪೀಠ ಅನಿವಾರ್ಯ ಎಂದಾದರೆ ಗುಡಿ ಏನು? ಗುಡಿಯೇ ಒಂದು ಕಾಣಿಕೆ ಎಂಬುದು ನನ್ನ ಉತ್ತರ. ಹರಕೆ ಹೊತ್ತವನು ಕಂಚಿನ ಪುಟ್ಟ ಕುದುರೆಯನ್ನೋ ಮಣ್ಣಿನ ಗೊಂಬೆಯನ್ನೋ ದೇವರ ನೆಲದಲ್ಲಿ ತಂದಿಡುವಂತೆ, ಊರಿಗೆ ಊರೇ ಸೇರಿ ತಂದಿಟ್ಟ ದೊಡ್ಡ ಕಾಣಿಕೆ. ಇದಕ್ಕೆ ಸಾಕ್ಷಿಗಳಿವೆ. ಎಫೆಸಸ್‌ನಲ್ಲಿ ಆರ್ಟೆಮಿಸ್‌ಳ ಗುಡಿಯ ಬಹುಪಾಲು ಕಂಬಗಳನ್ನು ಕ್ರಿ.ಪೂ. 6ನೆಯ ಶತಮಾನದಲ್ಲಿ ಲಿಡಿಯಾದ ದೊರೆ ಕ್ರೀಸಸ್ ಕೊಟ್ಟನೆಂದು ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಅವನ ಅರ್ಪಣೆಯ ಅಕ್ಷರಗಳ ಚೂರುಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವನು ಗ್ರೀಕನೂ ಅಲ್ಲ. ಕಂಬ ಕಂಬವನ್ನೇ ಬಿಡಿಬಿಡಿಯಾಗಿ ಹರಕೆಯಂತೆ ಕೊಡಬಹುದಿತ್ತು ಎಂದಾಯಿತು. ಆ ಗುಡಿ ಸುಟ್ಟುಹೋಗಿ ಮತ್ತೆ ಕಟ್ಟುವಾಗ ಅಲೆಗ್ಸಾಂಡರ್ ಬಂದು, ಖರ್ಚೆಲ್ಲ ನನ್ನದು, ಶಾಸನದಲ್ಲಿ ನನ್ನ ಹೆಸರು ಹಾಕಿಸಿ ಎಂದ. ಎಫೆಸಸ್‌ನವರು ಒಪ್ಪಲಿಲ್ಲ. ದೇವರೊಬ್ಬ ಇನ್ನೊಬ್ಬ ದೇವರಿಗೆ ಕಾಣಿಕೆ ಕೊಡುವುದು ತರವಲ್ಲ ಎಂದು ಹೊಗಳಿಯೇ ಸಾಗಹಾಕಿದರು. ಪಕ್ಕದ ಪ್ರಿಯೀನಿಯವರಿಗೆ ಅಷ್ಟು ಬಿಗುಮಾನವಿರಲಿಲ್ಲ. ಅಥೀನಾಳ ಗುಡಿಯನ್ನು ದೊರೆ ಅಲೆಗ್ಸಾಂಡರ್ ಅರ್ಪಿಸಿದನೆಂದು ಅವರ ಗುಡಿಯ ಕಲ್ಲೇ ಹೇಳುತ್ತದೆ. ಜಗಳವೆಲ್ಲ ಕೊಟ್ಟವರು ಯಾರೆಂಬುದರ ಮೇಲೆ. ಪೀಠದ ಬೂದಿಗೆ ಹೀಗೆ ಹೆಸರು ಕೆತ್ತಿಸಲು ಯಾರೂ ಪೈಪೋಟಿ ಮಾಡಲಿಲ್ಲ.

ಕಾಣಿಕೆ ಎಂದ ಮೇಲೆ ಅಕ್ಕಪಕ್ಕದವರಿಗೆ ಕಾಣಲೇಬೇಕು. ಒಲಿಂಪಿಯಾದ ಜ್ಯೂಸ್ ಗುಡಿಗೆ ಹಣ ಬಂದದ್ದು ಈಲಿಸ್ ಊರಿನವರು ನೆರೆಯ ಪೀಸಾವನ್ನು ಕೊಳ್ಳೆ ಹೊಡೆದದ್ದರಿಂದ. ಅದರ ಮುಂಭಾಗದ ನೆತ್ತಿಯ ಮೇಲೆ ಸ್ಪಾರ್ಟಾದವರು ಚಿನ್ನದ ಗುರಾಣಿ ತೂಗುಹಾಕಿದರು, ಕ್ರಿ.ಪೂ. 457ರ ತನಾಗ್ರಾ ಯುದ್ಧದಲ್ಲಿ ಅಥೆನ್ಸ್, ಆರ್ಗಾಸ್ ಸೈನಿಕರ ಮೇಲೆ ಪಡೆದ ಗೆಲುವಿಗೆ. ಗ್ರೀಕರು ಗ್ರೀಕರನ್ನು ಕೊಂದದ್ದಕ್ಕೆ ಎಲ್ಲ ಗ್ರೀಕರ ದೇವರ ಹಣೆಯ ಮೇಲೆ ಪದಕ. (ಗುಡಿಯ ಕಾಲ ನಮಗೆ ತಿಳಿದದ್ದೂ ಈ ಗುರಾಣಿಯಿಂದಲೇ.) ಡೆಲ್ಫಿಯ ಏರುದಾರಿಯ ಎರಡೂ ಬದಿ ಇಂಥ ಊರೂರಿನ ಭಂಡಾರಗೃಹಗಳು. ಡೆಲ್ಫಿಯಲ್ಲಿ ತಾನೇ ಅರ್ಚಕನಾಗಿದ್ದ ಪ್ಲುಟಾರ್ಕ್ ತನ್ನೊಂದು ಸಂವಾದದಲ್ಲಿ ಇದರ ಬಗ್ಗೆ ಪಾತ್ರದ ಬಾಯಲ್ಲಿ ಬೇಸರ ಆಡಿಸುತ್ತಾನೆ: ದೇವರ ಸುತ್ತ ಎಲ್ಲೆಲ್ಲೂ ಕೊಲೆ, ಯುದ್ಧ, ಲೂಟಿಗಳ ಫಲವೇ.

ಅಕ್ರೊಪೊಲಿಸ್ ಮೇಲಿನ ಪಾರ್ಥೆನಾನ್ ಈ ವಾದಕ್ಕೆ ಗಟ್ಟಿ ಉದಾಹರಣೆ. ಕ್ರಿ.ಪೂ. 447ರಿಂದ 432ರವರೆಗೆ ಕಟ್ಟಿದ ಆ ಮಹಾಗುಡಿಗೆ ತನ್ನದೇ ಆದ ಬಲಿಪೀಠ ಇದ್ದ ಸುಳಿವಿಲ್ಲ. ಅಥೆನ್ಸಿನವರು ನಿಜವಾಗಿ ಪೂಜೆ ಸಲ್ಲಿಸುತ್ತಿದ್ದದ್ದು, ಉತ್ಸವದಲ್ಲಿ ಹೊಸ ಸೀರೆಯಂಥ ಪೆಪ್ಲೋಸ್ ಉಡಿಸುತ್ತಿದ್ದದ್ದು ಪಕ್ಕದಲ್ಲಿದ್ದ, ಆಕಾಶದಿಂದ ಬಿತ್ತೆಂದು ನಂಬಿದ್ದ, ಆಲಿವ್ ಮರದ ಹಳೆಯ ಅಥೀನಾ ಮೂರ್ತಿಗೆ. ಪಾರ್ಥೆನಾನಿನ ಒಳಗೆ ಶಿಲ್ಪಿ ಫಿಡಿಯಾಸ್ ನಿಲ್ಲಿಸಿದ್ದು ಚಿನ್ನ ಮತ್ತು ದಂತದ ದೈತ್ಯ ಮೂರ್ತಿ. ಸ್ಪಾರ್ಟಾದ ಜತೆ ಯುದ್ಧ ಎದುರಾದಾಗ ಪೆರಿಕ್ಲೀಸ್ ಸಭೆಯಲ್ಲಿ ಊರಿನ ಆಸ್ತಿ ಎಣಿಸುತ್ತ ಆ ಮೂರ್ತಿಯನ್ನೂ ಸೇರಿಸಿದನೆಂದು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿದ್ದಾನೆ: ಮೈಮೇಲೆ 40 ಟ್ಯಾಲೆಂಟ್ ಅಪ್ಪಟ ಚಿನ್ನವಿದೆ, ಅಷ್ಟನ್ನೂ ಬಿಚ್ಚಬಹುದು, ಬಳಸಿದರೆ ಆಮೇಲೆ ಅಷ್ಟನ್ನೂ ಹಿಂದಿರುಗಿಸಬೇಕು. ಸಾವಿರ ಕಿಲೋಗೂ ಮಿಕ್ಕಿದ ಚಿನ್ನ! ಖಜಾಂಚಿಗಳು ವರ್ಷವರ್ಷವೂ ಒಳಗಿನ ಬೆಳ್ಳಿ ಬಟ್ಟಲು, ಕಿರೀಟ, ಪೀಠೋಪಕರಣಗಳನ್ನು ತೂಗಿ, ಎಣಿಸಿ, ಮುರಿದದ್ದನ್ನು ಮುರಿದದ್ದೆಂದೇ ಬರೆದು ಮುಂದಿನವರಿಗೆ ವಹಿಸುತ್ತಿದ್ದರು. ಆ ಪಟ್ಟಿಗಳು ಕಲ್ಲಿನ ಮೇಲೆ ಉಳಿದಿವೆ. ಪಾರ್ಥೆನಾನನ್ನು ಗುಡಿ ಎನ್ನಬೇಕೇ, ಭಂಡಾರ ಎನ್ನಬೇಕೇ ಎಂದು ವಿದ್ವಾಂಸರು ಜಗ್ಗಾಡುತ್ತಾರೆ. ದೇವಿಗೆ ಕೊಟ್ಟ ಕಾಣಿಕೆ ಎಂದುಕೊಂಡರೆ ಈ ಜಗ್ಗಾಟವೇ ಬೇಡ. ಕಾಣಿಕೆಯ ಒಳಗೆ ಬೇರೆ ಕಾಣಿಕೆಗಳನ್ನು ಇಡಬಹುದು, ಆಪತ್ತಿಗೆ ಸಾಲವಾಗಿ ತೆಗೆಯಲೂಬಹುದು.

ಈ ಕಾಣಿಕೆ ಊರಿನದು ಎನ್ನುವುದಕ್ಕೆ ಕೂಲಿಯ ಲೆಕ್ಕವೂ ಸಾಕ್ಷಿ. ಅಕ್ರೊಪೊಲಿಸ್ ಮೇಲಿನ ಎರೆಕ್ಥಿಯಾನ್ ಗುಡಿಯ ಕ್ರಿ.ಪೂ. 409ರ ನಂತರದ ಖರ್ಚಿನ ಲೆಕ್ಕ ಕಲ್ಲಿನಲ್ಲಿ ಸಿಕ್ಕಿದೆ. ಕೆಲಸಗಾರರಲ್ಲಿ ಯಾರು ಏನೆಂದು ಗೊತ್ತಾಗುವ 86 ಜನರಲ್ಲಿ 24 ಮಂದಿ ಪ್ರಜೆಗಳು, 42 ಮಂದಿ ಹೊರಗಿನಿಂದ ಬಂದು ನೆಲೆಸಿದವರು, 20 ಮಂದಿ ಗುಲಾಮರು. ದಿನಗೂಲಿಗೆ ಬಂದವರಿಗೆಲ್ಲ ಸಾಮಾನ್ಯವಾಗಿ ದಿನಕ್ಕೆ ಒಂದೇ ದ್ರಾಖ್ಮಾ, ಗುಲಾಮನ ದುಡ್ಡು ಒಡೆಯನ ಜೇಬಿಗೆ ಹೋಗಿರಬಹುದಾದರೂ.

ಗುಡಿಯೇ ಕಾಣಿಕೆ ಎಂಬ ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೂರ್ತಿಯನ್ನು ತೊಳೆದು, ಉಡಿಸಿ ಉಪಚರಿಸುತ್ತಿದ್ದರಲ್ಲ, ಹಾಗಾದರೆ ಅದರ ಮನೆ ಪವಿತ್ರವಲ್ಲವೇ? ಅಥೆನ್ಸಿನಲ್ಲಿ ಹಳೆಯ ಅಥೀನಾಳ ಬಟ್ಟೆ ಕಳಚಿ ತೊಳೆಯುವ ದಿನ ಅಶುಭವೆಂದು ಯಾರೂ ಮಹತ್ವದ ಕೆಲಸ ಮಾಡುತ್ತಿರಲಿಲ್ಲ. ದೇಶಭ್ರಷ್ಟನಾಗಿದ್ದ ಸೇನಾಪತಿ ಆಲ್ಸಿಬಿಯಡೀಸ್ ಅದೇ ದಿನ ಊರಿಗೆ ಮರಳಿದ್ದನ್ನು ಅಪಶಕುನವೆಂದು ಜನ ಆಡಿಕೊಂಡರು. ಡೆಲ್ಫಿಯ ದೇವವಾಣಿ ಹೊರಡುತ್ತಿದ್ದದ್ದು ಗುಡಿಯ ಒಳಗಿನಿಂದ. ಎಲ್ಯೂಸಿಸ್‌ನಲ್ಲಂತೂ ಸಾವಿರಾರು ಜನ ಹಿಡಿಸುವ ಮಂಟಪದ ಒಳಗೇ ರಹಸ್ಯ ದೀಕ್ಷೆ ನಡೆಯುತ್ತಿತ್ತು, ಅಲ್ಲಿ ಕಟ್ಟಡವಿಲ್ಲದೆ ಏನೂ ಸಾಗದು. ಎಲ್ಯೂಸಿಸ್‌ನ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಮಂಟಪ ಗ್ರೀಕ್ ಗುಡಿಯಂತಿಲ್ಲ, ಅದರ ವಿನ್ಯಾಸವೇ ಬೇರೆ. ಜನ ಒಳಗೆ ಸೇರಬೇಕಾದಾಗ ಗ್ರೀಕರಿಗೆ ಬೇರೆ ರೀತಿಯ ಕಟ್ಟಡ ಕಟ್ಟಲು ಬರುತ್ತಿತ್ತು ಎಂಬುದನ್ನೇ ಅದು ತೋರಿಸುತ್ತದೆ. ಮೂರ್ತಿಯ ವಿಷಯಕ್ಕೆ ಬಂದರೆ, ಮೂರ್ತಿಯಿಂದ ಮನೆಗೆ ಗೌರವ ಬಂತು, ಮನೆಯಿಂದ ಮೂರ್ತಿಗಲ್ಲ. ಒಲಿಂಪಿಯಾದಲ್ಲಿ ಫಿಡಿಯಾಸ್ ಮಾಡಿದ ಕುಳಿತ ಜ್ಯೂಸ್ ಎದ್ದು ನಿಂತರೆ ಛಾವಣಿ ಹಾರಿಹೋಗುವಷ್ಟು ದೊಡ್ಡದೆಂದು ಭೂಗೋಳಜ್ಞ ಸ್ಟ್ರಾಬೊ ಕುಹಕವಾಡಿದ. ಮನೆಗೆ ತಕ್ಕ ದೇವರನ್ನು ಮಾಡುವ ಯೋಚನೆ ಆ ಶಿಲ್ಪಿಗಂತೂ ಇರಲಿಲ್ಲ.

ಗ್ರೀಕ್ ಚಿಂತಕರು ತಮ್ಮ ಧರ್ಮವನ್ನು ಟೀಕಿಸಿದ ರೀತಿಯಲ್ಲೂ ಇದೇ ತರತಮ ಕಾಣುತ್ತದೆ. ಮೂರ್ತಿಯನ್ನು ಬೇಡುವುದು ಮನೆಗಳ ಜತೆ ಮಾತಾಡಿದಂತೆ ಎಂಬರ್ಥದಲ್ಲಿ ಹೆರಾಕ್ಲಿಟಸ್ ಮೂದಲಿಸಿದ. ಆದರ್ಶ ರಾಜ್ಯದಲ್ಲಿ ಗುಡಿಯೇ ಬೇಡವೆಂದು ಸ್ಟೋಯಿಕ್ ಪಂಥದ ಜೀನೋ ಬರೆದ. ಅವನು ಅಥೆನ್ಸಿನಲ್ಲೇ ಪಾಠ ಹೇಳುತ್ತ ಮುಪ್ಪಾದ. ಊರು ಅವನನ್ನು ಗೌರವಿಸಿತು. ಗುಡಿಯನ್ನು ಬೈದರೆ ಅಂಥ ಅಪಾಯವಿರಲಿಲ್ಲ. ಪೀಠವನ್ನು ನಿರಾಕರಿಸಿದವರ ಕತೆ ಬೇರೆ. ಪಶುಬಲಿ ಕೊಲೆಯೆಂದ ಎಂಪೆಡೊಕ್ಲೀಸ್, ಮಾಂಸ ಮುಟ್ಟದ ಪೈಥಾಗೊರಸ್‌ನ ಅನುಯಾಯಿಗಳು ಊರಿನ ಬಾಡೂಟದ ಪಂಕ್ತಿಯಿಂದಲೇ ಎದ್ದುಹೋದವರು. ಅವರ ಪಂಥಗಳು ಪ್ರತ್ಯೇಕ ಕೂಟಗಳಾಗಿಯೇ ಉಳಿದವು. ಹಂಚಿದ ಪಾಲು ಬೇಡ ಎಂದವನು ದೇವರನ್ನಷ್ಟೇ ಅಲ್ಲ, ನೆರೆಯವರನ್ನೂ ಬೇಡ ಎಂದಂತೆ. ಆರಾಧನೆಯ ತಿರುಳು ಎಲ್ಲಿತ್ತೆಂದು ಹೇಳಲು ನನಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಕೊನೆಗಾಲದಲ್ಲಿ ಇದು ಇನ್ನಷ್ಟು ನಿಚ್ಚಳವಾಯಿತು. ಕ್ರಿ.ಶ. 4ನೆಯ ಶತಮಾನದ ಕ್ರೈಸ್ತ ಚಕ್ರವರ್ತಿಗಳು ಹಳೆಯ ಧರ್ಮವನ್ನು ಮುಗಿಸಲು ಹೊರಟಾಗ ಅವರ ಕಾನೂನುಗಳು ಮತ್ತೆ ಮತ್ತೆ ಗುರಿಯಿಟ್ಟದ್ದು ಬಲಿಗೆ. 391-392ರಲ್ಲಿ ಥಿಯೊಡೋಸಿಯಸ್ ಬಲಿಯನ್ನು ಸಂಪೂರ್ಣ ನಿಷೇಧಿಸಿ ಗುಡಿಗಳಿಗೆ ಹೋಗುವುದನ್ನೂ ತಡೆದ. ಅದಕ್ಕೆ ಮೊದಲು, 382ರಲ್ಲಿ, ಅವನ ಕಾಲದ್ದೇ ಒಂದು ಆದೇಶ ಮೆಸೊಪೊಟೇಮಿಯ ಕಡೆಯ ಒಂದು ಗುಡಿಯನ್ನು ಜನರಿಗೆ ತೆರೆದಿಡಬಹುದು ಎಂದಿತ್ತು: ಒಳಗಿನ ಮೂರ್ತಿಗಳನ್ನು ದೈವತ್ವಕ್ಕಲ್ಲ, ಕಲೆಯ ಬೆಲೆಗೆ ನೋಡತಕ್ಕದ್ದು, ಬಲಿ ಮಾತ್ರ ಕೂಡದು. 399ರ ಇನ್ನೊಂದು ಆದೇಶ, ನಿಷಿದ್ಧ ವಸ್ತುಗಳಿಲ್ಲದ ಗುಡಿಗಳನ್ನು ಕೆಡವಬಾರದು ಎಂದಿತು. ಎಲ್ಲ ಕಡೆ ಅದನ್ನು ಪಾಲಿಸಲಿಲ್ಲ, ಕೆಡವಿದವರೂ ಬಹಳ. ಆದರೂ ಪಾರ್ಥೆನಾನ್ ಮೇರಿಯ ಚರ್ಚಾಗಿ, ಆಮೇಲೆ ಮಸೀದಿಯಾಗಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು. 1687ರಲ್ಲಿ ಒಳಗಿಟ್ಟಿದ್ದ ತುರ್ಕರ ಮದ್ದಿನ ಮೇಲೆ ವೆನಿಸ್‌ನವರ ಗುಂಡು ಬಿದ್ದಾಗಷ್ಟೇ ಅದು ಹಾಳಾದದ್ದು. ಅಥೆನ್ಸಿನ ಹೆಫೆಸ್ಟಸ್ ಗುಡಿ ಚರ್ಚಾಗಿದ್ದರಿಂದಲೇ ಇಂದಿಗೂ ಛಾವಣಿಸಹಿತ ನಿಂತಿದೆ. ಒಂದು ಧರ್ಮ ಹೋಗಿ ಇನ್ನೊಂದು ಬಂದರೂ ಕಟ್ಟಡ ಬಾಳಿತು, ಏಕೆಂದರೆ ಹಳೆಯ ಧರ್ಮ ಕಟ್ಟಡದಲ್ಲಿ ಇರಲೇ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಗ್ರೀಕ್ ಗುಡಿಯ ನಕ್ಷೆಯುಳ್ಳ ಪುಸ್ತಕ ಕೈಗೆ ಸಿಕ್ಕಾಗ ಕಂಬ ಎಣಿಸುವ ಮೊದಲು ಪೂರ್ವ ಬಾಗಿಲಿನ ಎದುರಿನ ಜಾಗ ನೋಡಿ. ಅಲ್ಲಿ ಬಲಿಪೀಠವನ್ನೂ ಸುತ್ತಲಿನ ಗಡಿಯನ್ನೂ ಗುರುತಿಸಿದ್ದರೆ ಮುಂದೆ ಓದಿ. ಬರೀ ಕಂಬಗಳನ್ನಷ್ಟೇ ಬಿಡಿಸಿದ್ದರೆ ಅದು ವಾಸ್ತುಶಿಲ್ಪದ ಪುಸ್ತಕ. ಗ್ರೀಕರ ಧರ್ಮ ತಿಳಿಯಲು ಬೇರೆ ಪುಸ್ತಕ ಹುಡುಕಬೇಕು.